ಊರಿದ ಕಾಲು

ನಮ್ಮೂರಿನ ಹೆಸರಿನಲ್ಲಿ ಸಮುದ್ರವಿದೆ. ದೇವರಾಯಸಮುದ್ರ ಎಂದ ಕೂಡಲೇ ಕೇಳಿದವರಿಗೆ ವಿಜಯನಗರದ ದೇವರಾಯ ನೆನಪಾಗುತ್ತಾನೆ, ನಮಗೆ ನೆನಪಾಗುವುದು ಕೆರೆ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ನಮ್ಮೂರು ಸಿಗುತ್ತದೆ. ಹಳಬರು ದೊಡ್ಡ ಕೆರೆಗೆ ಸಮುದ್ರವೆಂದೇ ಹೆಸರಿಟ್ಟರು. ನಿಜವಾದ ಸಮುದ್ರಕ್ಕೂ ನಮಗೂ ಏನೇನೂ ಸಂಬಂಧವಿಲ್ಲ. ನಾವಿರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ನದಿಯೊಂದೂ ತುಂಬಿ ಹರಿಯದ ಸೀಮೆಯಲ್ಲಿ. ಮಳೆ ಬಂದ ವರ್ಷ ಕೆರೆಯಲ್ಲಿ ನೀರು, ಬಾರದ ವರ್ಷ ಅದೇ ಕೆರೆ ಹುಡುಗರಿಗೆ ಮೈದಾನ.

ನಾನು ಚೆಂಡು ಒದೆಯಲು ಕಲಿತದ್ದು ಆ ಒಣ ಕೆರೆಯ ಅಂಗಳದಲ್ಲಿ, ಅಣ್ಣನ ಹಿಂದೆ ಓಡುತ್ತಾ. ಜಾಲಿ ಗೂಟಗಳೇ ಗೋಲು, ತೂಬಿನ ಕಡೆಯದು ಒಂದು, ಏರಿಯ ಕಡೆಯದು ಇನ್ನೊಂದು. ಚೆಂಡು ನಾಲ್ಕಾರು ಕಡೆ ಹೊಲಿಗೆ ಹಾಕಿಸಿದ್ದು. ಒಳಗಿನ ಬ್ಲ್ಯಾಡರಿಗೆ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿ, ಅಲ್ಲೇ ಗಾಳಿ ಹೊಡೆಸಿಕೊಂಡು ಬರುತ್ತಿದ್ದೆವು. ಯಾರ ಕಾಲಿನಲ್ಲೂ ಏನೂ ಇರುತ್ತಿರಲಿಲ್ಲ. ಚಪ್ಪಲಿ ಇದ್ದವರು ಅದನ್ನು ಏರಿಯ ಮೇಲೆ ಜೋಡಿಸಿಟ್ಟು ಇಳಿಯುತ್ತಿದ್ದರು.

ಅಣ್ಣ ಬೆಳಗ್ಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ದು ಹೊತ್ತು ತಂದು, ಸ್ಕೂಲಿಗೆ ಹೋಗಿ ಬಂದು, ಸಂಜೆ ಚೆಂಡು ಮುಟ್ಟುತ್ತಿದ್ದ. ಅವನು ಒದ್ದರೆ ಚೆಂಡು ನೆಲದಿಂದ ಮೊಳದಷ್ಟು ಮೇಲೆ, ಹಗ್ಗ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ನಾನು ಒದ್ದರೆ ಆಕಾಶಕ್ಕೆ ಏರಿ ಅಲ್ಲೇ ಪಕ್ಕದಲ್ಲಿ ಬೀಳುತ್ತಿತ್ತು. ಒಂದು ದಿನ ಅಳುವ ಮುಖ ಮಾಡಿಕೊಂಡು ಕೇಳಿದ್ದಕ್ಕೆ ಅವನು ಹೇಳಿದ ಮಾತು ಇಷ್ಟೇ: “ಲೇ, ಒದೆಯೋ ಕಾಲನ್ನ ಎಲ್ಲಾರೂ ನೋಡ್ತಾರೆ. ನೀನು ಊರಿದ ಕಾಲು ನೋಡ್ಕೋ.”

ಆ ಮಾತಿನ ಅರ್ಥ ತಿಳಿಯಲು ನನಗೆ ಭೌತಶಾಸ್ತ್ರದ ಪದವಿ ಬೇಕಾಯಿತು. ಅದು ಸಾಲದೆ ಬೆಂಗಳೂರು, ಲಂಡನ್, ಹೆಲ್ಸಿಂಕಿಗಳ ಚರಿತ್ರೆಯನ್ನೂ ಓದಬೇಕಾಯಿತು.

*

1986ರ ಬೇಸಿಗೆ ನೆನಪಿಸಿಕೊಳ್ಳಿ. ಮೆಕ್ಸಿಕೋದಲ್ಲಿ ವಿಶ್ವಕಪ್. ಕಪ್ಪು-ಬಿಳುಪು ಟಿವಿ ಇದ್ದ ಮನೆಯೊಂದರ ಪಡಸಾಲೆಯಲ್ಲಿ ಅರ್ಧ ಊರು ಕೂತು ಮರಡೋನಾನನ್ನು ನೋಡಿತು. ಅದೇ ವರ್ಷ ಮಳೆಗಾಲ ಕಳೆಯುವ ಹೊತ್ತಿಗೆ ನಮ್ಮ ಹುಡುಗರು ಹತ್ತಿರದ ಪಟ್ಟಣವೊಂದರಲ್ಲಿ ನಡೆದ ಪಂದ್ಯಾವಳಿಗೆ ಹೋದರು. ಚೆಂಡು ಹೊರುವ ನೆಪದಲ್ಲಿ ನಾನೂ ಹೋದೆ.

ಮೈದಾನಕ್ಕೆ ಇಳಿಯುವಾಗ ಅಲ್ಲಿದ್ದವರು ತಡೆದರು. ಬರಿಗಾಲಿನವರು ಆಡುವ ಹಾಗಿಲ್ಲ, ಅದು ನಿಯಮ. ಮೇಷ್ಟ್ರು ಕೈ ಮುಗಿದು ಕೇಳಿದರು, ಅವರು ಒಪ್ಪಲಿಲ್ಲ. ಕೊನೆಗೆ ಸೋತು ಮನೆಗೆ ಹೊರಟಿದ್ದ ಇನ್ನೊಂದು ತಂಡದವರ ಕ್ಯಾನ್ವಾಸ್ ಶೂಗಳನ್ನು ಬೇಡಿ ತಂದು ಹುಡುಗರಿಗೆ ಹಂಚಿದರು. ಅಣ್ಣನ ಪಾಲಿಗೆ ಬಂದದ್ದು ಎರಡು ಸೈಜು ದೊಡ್ಡದು. ಮುಂದುಗಡೆ ಪೇಪರು ತುರುಕಿ, ಲೇಸನ್ನು ಹಿಮ್ಮಡಿಗೆ ಎರಡು ಸುತ್ತು ಬಿಗಿದುಕೊಂಡ.

ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ನಮಗೊಂದು ಪೆನಾಲ್ಟಿ ಸಿಕ್ಕಿತು. ಬೇರೆ ಯಾರು ತೆಗೆದುಕೊಳ್ಳುತ್ತಾರೆ? ಅಣ್ಣ ಓಡಿ ಬಂದ, ಒದ್ದ, ಒದೆಯುವಾಗಲೇ ಸ್ವಲ್ಪ ಹಿಂದಕ್ಕೆ ವಾಲಿದ. ಚೆಂಡು ಉರುಳಿಕೊಂಡು ಹೋಗಿ ಗೋಲ್‌ಕೀಪರನ ಕೈಗೆ ಸೇರಿತು. ನಾವು ಸೋತೆವು. ಬಸ್ಸಿನಲ್ಲಿ ಯಾರೋ “ಹೆದರಿಬಿಟ್ಟ” ಅಂದರು. ಮನೆಗೆ ಬಂದ ಮೇಲೆ ನಾನೂ ಅಂದೆ. ಹನ್ನೊಂದು ವರ್ಷದ ಬಾಯಿ, ಹೊರಗೆ ಕೇಳಿದ್ದನ್ನು ಒಳಗೆ ತಂದು ಹೇಳಿತು. ಅಣ್ಣ ತಿರುಗಿ ಮಾತಾಡಲಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಓದು ನಿಂತಿತು. ಚೆಂಡು ನಿಂತದ್ದು ಅದಕ್ಕೂ ಮೊದಲೇ.

*

ಒಂದು ಒದೆತವನ್ನು ಲೆಕ್ಕಕ್ಕೆ ತರಬಹುದೆಂದು ನನಗೆ ಗೊತ್ತಾದದ್ದು ಪಿಯುಸಿಯಲ್ಲಿ. ಇವತ್ತಿಗೂ ಪಾಠ ಮಾಡುವಾಗ ನಾನು ನ್ಯೂಟನ್ನನ ಎರಡನೇ ನಿಯಮವನ್ನು ಆ ಲೆಕ್ಕದಿಂದಲೇ ಶುರು ಮಾಡುತ್ತೇನೆ. ನೀವೂ ಜೊತೆಗೆ ಲೆಕ್ಕ ಹಾಕಿ.

ನಿಯಮದ ಪ್ರಕಾರ ಚೆಂಡಿನ ತೂಕ 410ರಿಂದ 450 ಗ್ರಾಂ. 430 ಎಂದು ಇಟ್ಟುಕೊಳ್ಳೋಣ. ಚೆನ್ನಾಗಿ ಒದೆಯಬಲ್ಲವನ ಕಾಲಿನಿಂದ ಚೆಂಡು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೊರಡುತ್ತದೆ, ಅಂದರೆ ಗಂಟೆಗೆ 90 ಕಿಲೋಮೀಟರ್. ನಮ್ಮೂರ ಮುಂದೆ ಹಾದು ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ವೇಗ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ: 0.43 ಸಲ 25, ಸುಮಾರು 10.75. ನಿಂತಿದ್ದ ಚೆಂಡಿಗೆ ಇಷ್ಟು ಸಂವೇಗವನ್ನು ಕಾಲು ಕೊಡಬೇಕು. ಎಷ್ಟು ಹೊತ್ತಿನಲ್ಲಿ? ಕಾಲು ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರುವುದು ಸುಮಾರು 10 ಮಿಲಿಸೆಕೆಂಡು, ಸೆಕೆಂಡಿನ ನೂರನೇ ಒಂದು ಭಾಗ. ಕಣ್ಣು ಮಿಟುಕಿಸಲು ಇದರ ಹತ್ತು ಪಟ್ಟು ಹೊತ್ತು ಬೇಕು. 10.75ನ್ನು 0.01ರಿಂದ ಭಾಗಿಸಿದರೆ ಸರಾಸರಿ ಬಲ 1,075 ನ್ಯೂಟನ್. ಎರಡು ಸಿಮೆಂಟ್ ಮೂಟೆಗಳ ಭಾರಕ್ಕಿಂತ ಹೆಚ್ಚು. ಅದು ಸರಾಸರಿ ಮಾತ್ರ. ತಾಗಿದ ನಡುಘಳಿಗೆಯಲ್ಲಿ ಬಲ ಇದರ ಎರಡರಷ್ಟಕ್ಕೂ ಏರಬಹುದು. ಅಷ್ಟು ಹೊತ್ತು ಚೆಂಡು ಒಂದು ಕಡೆ ಚಪ್ಪಟೆಯಾಗಿ, ಮತ್ತೆ ಉಬ್ಬಿ, ಕಾಲನ್ನು ಬಿಟ್ಟು ಹೊರಡುತ್ತದೆ.

ಬಿಟ್ಟ ಮೇಲೆ? ಚೆಂಡನ್ನು ಯಾರು ತಳ್ಳಿಕೊಂಡು ಹೋಗುತ್ತಾರೆ? ಪ್ರಶ್ನೆ ಬಹಳ ಹಳೆಯದು. ನಮ್ಮಲ್ಲಿ ಕಣಾದನ ವೈಶೇಷಿಕ ಸೂತ್ರಗಳು ಇದನ್ನೇ ಬಾಣದ ಉದಾಹರಣೆಯಿಂದ ಕೇಳುತ್ತವೆ. ಬಾಣದ ಮೊದಲ ಚಲನೆಗೆ ಕಾರಣ ನೋದನ, ಎಂದರೆ ತಳ್ಳಿಕೆ. ಆ ಚಲನೆ ಬಾಣದಲ್ಲಿ ಸಂಸ್ಕಾರವೊಂದನ್ನು ಹುಟ್ಟಿಸುತ್ತದೆ, ಮುಂದಿನ ಚಲನೆಗಳಿಗೆ ಆ ಸಂಸ್ಕಾರವೇ ಕಾರಣ. ಅದು ತೀರಿದಾಗ ಗುರುತ್ವದಿಂದ ಬಾಣ ಬೀಳುತ್ತದೆ. ಒನಕೆ ಒರಳಿಗೆ ಬಡಿಯುವಂಥ ಹೊಡೆತಕ್ಕೆ ಆ ಶಾಸ್ತ್ರ ಅಭಿಘಾತ ಎಂಬ ಬೇರೆ ಹೆಸರನ್ನೇ ಇಟ್ಟಿತು. ನಮ್ಮ ಒದೆತ ಈ ಜಾತಿಯದು. ಯೂರೋಪಿನಲ್ಲಿ ಅರಿಸ್ಟಾಟಲ್, ತಳ್ಳುವವನು ಇರುವ ತನಕ ಮಾತ್ರ ಚಲನೆ ಎಂದಿದ್ದ. 1687ರಲ್ಲಿ ನ್ಯೂಟನ್ ‘ಪ್ರಿನ್ಸಿಪಿಯಾ’ದಲ್ಲಿ ಪ್ರಶ್ನೆಯನ್ನೇ ತಿರುಗಿಸಿದ. ಚಲಿಸುತ್ತಿರುವುದು ಚಲಿಸುತ್ತಲೇ ಇರುತ್ತದೆ, ಅದಕ್ಕೆ ಯಾರೂ ಬೇಕಿಲ್ಲ. ಅದನ್ನು ನಿಲ್ಲಿಸಿದವರು ಯಾರು ಎಂದು ಕೇಳಿ, ಎಂದ. ನಮ್ಮ ಕೆರೆಯಂಗಳದಲ್ಲಿ ಚೆಂಡನ್ನು ನಿಲ್ಲಿಸುತ್ತಿದ್ದದ್ದು ಗಾಳಿ ಮತ್ತು ಮಣ್ಣು. ಅಣ್ಣನನ್ನು ನಿಲ್ಲಿಸಿದ್ದು ಯಾವುದೆಂದು ನಾನು ಬಹಳ ಕಾಲ ಕೇಳಿಕೊಳ್ಳಲೇ ಇಲ್ಲ.

*

ಬೆಂಗಳೂರಿಗೆ ಓದಲು ಹೋದಾಗ ಹಲಸೂರಿನ ಪಕ್ಕದ ಗೌತಮಪುರವನ್ನು ಮೊದಲ ಸಲ ನೋಡಿದೆ. ಗಲ್ಲಿ ಗಲ್ಲಿಯಲ್ಲೂ ಫುಟ್‌ಬಾಲ್ ಆಡುವ ಬಡಾವಣೆ. ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆಸ್ಟಿನ್ ಟೌನ್, ಹಲಸೂರು, ಗೌತಮಪುರ, ಇವೆಲ್ಲ ಹಳೆಯ ದಂಡು ಪ್ರದೇಶದ ಅಂಚಿನ ಊರುಗಳು. 1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಸ್ಥಾಪಿಸಿದರು. ಮುಂದೆ ಅವರ ಪಲ್ಟನ್ನುಗಳ ಜೊತೆ ಫುಟ್‌ಬಾಲೂ ಬಂತು. ಸೋಲ್ಜರುಗಳು ಬೂಟು ಹಾಕಿ ಆಡಿದರು. ಅವರ ಸುತ್ತ ಕೆಲಸಕ್ಕಿದ್ದವರ ಮಕ್ಕಳು ನೋಡಿ ಕಲಿತು, ಬೂಟಿಲ್ಲದೆ ಆಡಿದರು.

ದೇಶದ ಬೇರೆ ಕಡೆಯೂ ಹೀಗೆಯೇ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಯ ಕಾಲು ಬರಿದಾಗಿತ್ತು. ಕಾಲಕ್ರಮದಲ್ಲಿ ಬೆಂಗಳೂರಿನ ಹುಡುಗರ ಹೆಸರೂ ಹೊರಗೆ ಕೇಳಿಸಿತು. ಬೊಂಬಾಯಿಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು. ಮರುವರ್ಷ ಇನ್ನೊಮ್ಮೆ ಗೆದ್ದಿತು. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು. ಆ ಕಾಲದ ಆಟಗಾರರಲ್ಲಿ ಬಹಳ ಮಂದಿ ಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ಬೆರಳು ಹೊರಗೆ ಬಿಟ್ಟುಕೊಂಡು ಆಡುತ್ತಿದ್ದವರು.

ಇದನ್ನು ಓದಿದಾಗ ನನಗಾದ ಸಂತೋಷ ಹೇಳತೀರದು. ಬರಿಗಾಲೆಂದರೆ ನಮ್ಮೂರಿನ ಬಡತನ ಮಾತ್ರ ಎಂದುಕೊಂಡಿದ್ದೆ. ಅದು ಒಂದು ಕಾಲದ ಆಟದ ರೀತಿಯೇ ಆಗಿತ್ತು.

*

1948ರ ಜುಲೈ 31. ಸ್ವತಂತ್ರ ಭಾರತಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್ಫರ್ಡಿನ ಮೈದಾನದಲ್ಲಿ ಭಾರತ ಫ್ರಾನ್ಸಿನ ಎದುರು ಇಳಿಯಿತು. ನಾಯಕ ನಾಗಾಲ್ಯಾಂಡಿನ ತಾಲಿಮೆರೆನ್ ಆವ್. ತಂಡದ ಹೆಚ್ಚಿನವರ ಕಾಲಿನಲ್ಲಿ ಬೂಟಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸಮ ಮಾಡಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಆ ಆಟದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿದ್ದವು. ಒಂದನ್ನು ಶೈಲೇನ್ ಮನ್ನಾ ತೆಗೆದುಕೊಂಡರು, ಇನ್ನೊಂದನ್ನು ಮಹಾಬೀರ್ ಪ್ರಸಾದ್. ಎರಡೂ ಗೋಲಾಗಲಿಲ್ಲ.

ಈ ಸಾಲನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬರಿಗಾಲಾದ್ದರಿಂದ ತಪ್ಪಿತು ಎಂದು ಹೇಳಿಬಿಡುವುದು ಸುಲಭ. ಆದರೆ ನಮ್ಮೂರಿನ ಟಿವಿಯಲ್ಲಿ ಮರಡೋನಾ ಕಂಡ ಅದೇ 1986ರ ವಿಶ್ವಕಪ್ಪಿನಲ್ಲಿ, ಬ್ರೆಜಿಲ್ ಮತ್ತು ಫ್ರಾನ್ಸ್ ನಡುವಿನ ಕ್ವಾರ್ಟರ್ ಫೈನಲಿನಲ್ಲಿ ಝೀಕೊ ಪೆನಾಲ್ಟಿ ತಪ್ಪಿಸಿದ. ಕೊನೆಯ ಶೂಟೌಟಿನಲ್ಲಿ ಸಾಕ್ರಟೀಸ್ ತಪ್ಪಿಸಿದ, ಪ್ಲಾಟಿನಿಯೂ ತಪ್ಪಿಸಿದ. ಜಗತ್ತಿನ ಒಳ್ಳೆಯ ಬೂಟುಗಳನ್ನು ಹಾಕಿದ ಕಾಲುಗಳು ಅವು. ಪೆನಾಲ್ಟಿ ಗುರುತಿನಿಂದ ಗೋಲಿಗೆ 11 ಮೀಟರ್. 25 ಮೀಟರ್ ವೇಗದ ಚೆಂಡಿಗೆ ಅರ್ಧ ಸೆಕೆಂಡೂ ಬೇಡ. ಗೋಲಿನ ಅಗಲ 7.32 ಮೀಟರ್. ಕಾಲು ಚೆಂಡಿಗೆ ತಾಗುವ ದಿಕ್ಕಿನಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸವಾದರೆ ಗೋಲಿನ ಹತ್ತಿರ ಅದು ಗೇಣುಗಳ ಲೆಕ್ಕದಲ್ಲಿ ಬೆಳೆಯುತ್ತದೆ. ತಪ್ಪುವುದಕ್ಕೆ ಹೆದರಿಕೆಯೇ ಬೇಕಿಲ್ಲ.

ಬರಿಗಾಲಿನ ಒದೆತ ದುರ್ಬಲ ಎಂಬುದೂ ಸರಿಯಲ್ಲ. ಕಾಲು ಚೆಂಡಿಗೆ ತಾಗುವಾಗ ಅದರ ವೇಗ ಸೆಕೆಂಡಿಗೆ 20 ಮೀಟರ್ ಇದ್ದರೆ ಚೆಂಡು 24, 25ರಲ್ಲಿ ಹೊರಡಬಹುದು. ಚೆಂಡು ಕಾಲಿಗಿಂತ ಜೋರಾಗಿ ಹೋಗುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಭಾರವಾದದ್ದು ಹಗುರವಾದದ್ದಕ್ಕೆ ಬಡಿದರೆ ಹಾಗಾಗುತ್ತದೆ, ಗೋಲಿಯಾಟದಲ್ಲಿ ದೊಡ್ಡ ಗೋಲಿ ಸಣ್ಣದನ್ನು ಹೊಡೆದಂತೆ. ಆದರೆ ಒಂದು ಷರತ್ತಿದೆ. ಬಡಿಯುವ ಕಾಲು ಬಿಗಿಯಾಗಿರಬೇಕು. ಹರಡು ಸಡಿಲವಾದರೆ, ಬೆರಳ ಕಡೆ ಬಗ್ಗಿದರೆ, ಬಲದ ಒಂದು ಪಾಲು ಅಲ್ಲೇ ಕರಗುತ್ತದೆ. ಬರಿಗಾಲಿನವನು ಪಾದವನ್ನು ಪೂರ್ತಿ ಚಾಚಿ, ಮೇಲ್ಪಾದದ ಗಟ್ಟಿ ಎಲುಬಿನಿಂದ ಹೊಡೆಯಬಲ್ಲ. ಬೂಟು ಆ ಚಾಚುವಿಕೆಯನ್ನು ಕೊಂಚ ತಡೆಯುತ್ತದೆ. ಇತ್ತೀಚೆಗೆ ಜರ್ಮನಿಯ ಪ್ರಯೋಗಾಲಯದಲ್ಲಿ ನೋವು ತಡೆದುಕೊಳ್ಳಬಲ್ಲ ಆಟಗಾರರಿಂದ ಎರಡೂ ರೀತಿ ಒದೆಸಿ ಅಳೆದಾಗ, ಬರಿಗಾಲಿನ ಒದೆತದಲ್ಲೇ ಚೆಂಡು ತುಸು ವೇಗವಾಗಿ ಹೋಯಿತು.

ಇನ್ನು ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಆಡುವ ಕಲೆ. ಬೆಂಗಳೂರಿನ ಅಹ್ಮದ್ ಖಾನ್ 1948ರ ಆ ತಂಡದಲ್ಲಿದ್ದರು. ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ಅವರನ್ನು ಜನ ಹಾವಾಡಿಗ ಎಂದು ಕರೆಯುತ್ತಿದ್ದರು, ಚೆಂಡು ಅವರ ಕಾಲಿನ ಮಾತನ್ನು ಹಾಗೆ ಕೇಳುತ್ತಿತ್ತು. ಚೆಂಡನ್ನು ನಡುವಿಗೆ ಹೊಡೆಯದೆ ಪಕ್ಕಕ್ಕೆ ಸವರಿದರೆ ಅದು ಗಿರ್ರನೆ ಸುತ್ತುತ್ತಾ ಹೋಗಿ ಗಾಳಿಯಲ್ಲಿ ಬಾಗುತ್ತದೆ. ಟೆನಿಸ್ ಚೆಂಡು ಹೀಗೆ ಬಾಗುವುದನ್ನು ನ್ಯೂಟನ್ 1672ರಲ್ಲೇ ಗುರುತಿಸಿದ್ದ. 1852ರಲ್ಲಿ ಜರ್ಮನಿಯ ಮ್ಯಾಗ್ನಸ್ ಅದನ್ನು ಪ್ರಯೋಗದಿಂದ ವಿವರಿಸಿದ. ಸುತ್ತು ಕೊಡುವುದು ಕಾಲಿಗೂ ಚೆಂಡಿಗೂ ನಡುವಿನ ಘರ್ಷಣೆ. ಒಣ ಚರ್ಮದ ಚೆಂಡಿಗೆ ಒಣ ಪಾದದ ಚರ್ಮ ತಾಗುವಾಗ ಅದು ಬೇಕಾದಷ್ಟಿರುತ್ತದೆ, ಜೊತೆಗೆ ಬೆರಳಿಗೆ ಚೆಂಡು ಎಲ್ಲಿದೆಯೆಂದು ಗೊತ್ತಿರುತ್ತದೆ.

*

ಹಾಗಾದರೆ ಬರಿಗಾಲು ಸೋತದ್ದೆಲ್ಲಿ? ನಾಲ್ಕು ವರ್ಷದ ನಂತರ, ಹೆಲ್ಸಿಂಕಿಯಲ್ಲಿ.

ನಡುವೆ ಒಂದು ಕತೆಯಿದೆ, ಅದನ್ನು ಮುಗಿಸಿಬಿಡುತ್ತೇನೆ. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಭಾರತ ಹೋಗದೆ ಇದ್ದದ್ದು ಬರಿಗಾಲಲ್ಲಿ ಆಡಲು ಬಿಡಲಿಲ್ಲ ಎಂಬ ಕಾರಣಕ್ಕೆ ಅಂತ ಇಂದಿಗೂ ಹೇಳುವವರಿದ್ದಾರೆ. ಆಗಿನ ಸಂಘ ಅಧಿಕೃತವಾಗಿ ಕೊಟ್ಟ ಕಾರಣ ಬೇರೆ: ಆಯ್ಕೆಯ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಾಲದ ಸಮಯ. ಆಗ ನಮ್ಮವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿತ್ತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದು, ಅದೇ ಹುಮ್ಮಸ್ಸಿನಲ್ಲಿ ತಂಡ 1952ರ ಹೆಲ್ಸಿಂಕಿಗೆ ಹೋಯಿತು. ಜುಲೈ 15ರಂದು ಯುಗೊಸ್ಲಾವಿಯದ ಎದುರು ಪಂದ್ಯ. ಫಿನ್ಲೆಂಡಿನ ಚಳಿ ಚಳಿ ಹವೆ. ಹಲವರು ಬರಿಗಾಲಲ್ಲೇ ಇಳಿದರು. ಫಲಿತಾಂಶ 10–1. ಆ ಒಂದು ಗೋಲು ಆಟದ ಕೊನೆಗಳಿಗೆಯಲ್ಲಿ ಅಹ್ಮದ್ ಖಾನರದು.

ಯುಗೊಸ್ಲಾವಿಯದ ತಂಡ ಆ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡ. ಬೂಟಿದ್ದರೂ ನಾವು ಸೋಲುತ್ತಿದ್ದೆವು. ಆದರೂ ಬೂಟಿನ ಪ್ರಶ್ನೆ ಅಲ್ಲಿ ತೀರ್ಮಾನವಾಯಿತು. ಏಕೆ ಎಂದು ತಿಳಿಯಲು ನಾವು ಒದೆಯುವ ಕಾಲನ್ನು ಬಿಟ್ಟು ಇನ್ನೊಂದು ಕಾಲನ್ನು ನೋಡಬೇಕು.

ಒದೆಯಲು ಓಡಿ ಬರುವವನನ್ನು ಕಲ್ಪಿಸಿಕೊಳ್ಳಿ. 60 ಕೆ.ಜಿ. ತೂಕದ ಮೈ, ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ವೇಗ. ಸಂವೇಗ ಸುಮಾರು 200. ಚೆಂಡಿಗೆ ಬೇಕಾದ 10.75ರ ಪಕ್ಕದಲ್ಲಿ ಇದು ಎಷ್ಟು ದೊಡ್ಡದು ನೋಡಿ. ಚೆಂಡಿನ ಪಕ್ಕದಲ್ಲಿ ಅವನು ಇನ್ನೊಂದು ಕಾಲನ್ನು ಊರುತ್ತಾನೆ. ಊರಿದ ಕ್ಷಣ ನೆಲ ಅವನ ಮೈತೂಕದ ಎರಡು ಪಟ್ಟಿಗೂ ಹೆಚ್ಚಿನ ಬಲದಿಂದ ಅವನನ್ನು ಮೇಲಕ್ಕೂ ಹಿಂದಕ್ಕೂ ತಳ್ಳುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುವಂತೆ, ಸೊಂಟ ನಿಂತಿತೋ ಇಲ್ಲವೋ ತೊಡೆ ಮುಂದಕ್ಕೆ ಬೀಸುತ್ತದೆ. ತೊಡೆ ನಿಧಾನವಾಗುತ್ತಾ ಬಂದಂತೆ ಮೊಣಕಾಲಿನಿಂದ ಕೆಳಗಿನ ಕಾಲು ಚಾಟಿಯ ತುದಿಯಂತೆ ಬೀಸುತ್ತದೆ. ಕವಣೆ ಬೀಸುವವರಿಗೆ ಇದು ಗೊತ್ತು: ಮೊದಲು ತೋಳು ತಿರುಗಬೇಕು, ಕೊನೆಗೆ ಕಲ್ಲು ಹಾರಬೇಕು. ಪಾದಕ್ಕೆ ಸೆಕೆಂಡಿಗೆ 20 ಮೀಟರ್ ವೇಗ ಬರುವುದು ಹೀಗೆ, ಸ್ನಾಯುಗಳ ಎಳೆತಕ್ಕೆ ಈ ಬೀಸು ಸೇರಿ.

ಇಷ್ಟಕ್ಕೂ ಆಧಾರ ಊರಿದ ಕಾಲು ಜಾರದೆ ಇರುವುದು. ಅದು ಜಾರಿದರೆ ಬ್ರೇಕೇ ಬೀಳಲಿಲ್ಲ. ಸೊಂಟ ಮುಂದಕ್ಕೆ ಜಾರುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಬೀಸು ಅರ್ಧಕ್ಕೇ ಸತ್ತುಹೋಗುತ್ತದೆ. ಕಾಲಿನ ಬಲ ಎಷ್ಟೇ ಇರಲಿ, ನೆಲ ಹಿಡಿದುಕೊಳ್ಳದೆ ಹೋದರೆ ಚೆಂಡಿಗೆ ಅದು ತಲುಪುವುದಿಲ್ಲ.

ಒಣಗಿದ ಕೆಂಪು ಮಣ್ಣಿನ ಮೇಲೆ, ಬೆಂಗಳೂರಿನ ಗಟ್ಟಿ ಮೈದಾನದ ಮೇಲೆ ಬರಿ ಅಂಗಾಲು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಬೆರಳುಗಳು ನೆಲವನ್ನು ಹಿಡಿಯುತ್ತವೆ. ಒದ್ದೆ ಹುಲ್ಲಿನ ಮೇಲೆ ಅದೇ ಅಂಗಾಲಿಗೂ ನೆಲಕ್ಕೂ ನಡುವೆ ನೀರಿನ ತೆಳು ಪದರ ಸೇರಿಕೊಂಡು ಘರ್ಷಣೆ ಸೋಲುತ್ತದೆ. ಬೂಟಿನ ಅಡಿಯ ಗುಬುಟುಗಳು ಹುಲ್ಲಿನೊಳಗೆ ಇಳಿದು ಮಣ್ಣನ್ನೇ ಹಿಡಿಯುತ್ತವೆ. ಜೊತೆಗೆ ಆ ಕಾಲದ ಚರ್ಮದ ಚೆಂಡು ಒದ್ದೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. 430 ಗ್ರಾಮಿನ ಚೆಂಡು ಇನ್ನೂ 100 ಗ್ರಾಂ ನೀರು ಹೀರಿತೆಂದುಕೊಳ್ಳಿ. ಅದೇ 10.75ರ ಸಂವೇಗ ಕೊಟ್ಟರೆ 25ರ ಬದಲು ಸೆಕೆಂಡಿಗೆ 20 ಮೀಟರ್ ಮಾತ್ರ ಹೋಗುತ್ತದೆ, ಚಳಿಗೆ ಮರಗಟ್ಟಿದ ಬೆರಳಿಗೆ ನೋವು ಮಾತ್ರ ಹೆಚ್ಚು. ಬೆಂಗಳೂರಿನಲ್ಲಿ ಗುಣವಾಗಿದ್ದದ್ದು ಅಂಥ ನೆಲದಲ್ಲಿ ಕೊರತೆ. ಪಾದ ಅದೇ, ನಿಯಮಗಳೂ ಅವೇ, ನೆಲ ಬೇರೆ.

ಹೆಲ್ಸಿಂಕಿಯ ನಂತರ ಭಾರತೀಯ ಫುಟ್‌ಬಾಲ್ ಸಂಘ ಬೂಟನ್ನು ಕಡ್ಡಾಯ ಮಾಡಿತು. ಭೌತಶಾಸ್ತ್ರದ ಮೇಷ್ಟ್ರಾಗಿ ನಾನು ಅದನ್ನು ತಪ್ಪೆನ್ನಲಾರೆ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಬೂಟು ತೊಟ್ಟ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂತು. ಆ ತಂಡದಲ್ಲೂ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು. ಮೈಸೂರು ತಂಡ 1967–68 ಮತ್ತು 1968–69ರಲ್ಲಿ ಬೆನ್ನು ಬೆನ್ನಿಗೆ ಸಂತೋಷ್ ಟ್ರೋಫಿ ಗೆದ್ದಿತು. ಅದಾದ ಮೇಲೆ ಕರ್ನಾಟಕ ಮತ್ತೆ ಅದನ್ನು ಎತ್ತಿದ್ದು 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ.

ಆದರೆ ನಿಯಮವೊಂದು ದೆಹಲಿ, ಕಲ್ಕತ್ತೆಯಿಂದ ಹೊರಟು ಹಳ್ಳಿಗಳ ಪಕ್ಕದ ಮೈದಾನಕ್ಕೆ ಬರುವಷ್ಟರಲ್ಲಿ ಏನಾಗುತ್ತದೆ ನೋಡಿ. ಒದ್ದೆ ಹುಲ್ಲಿನಲ್ಲಿ ಜಾರದೆ ಇರಲಿ ಎಂದು ಹುಟ್ಟಿದ ಬೂಟು, ಹುಲ್ಲೇ ಇಲ್ಲದ ಒಣ ನೆಲದಲ್ಲಿ, ಬೂಟೇ ಇಲ್ಲದ ಹುಡುಗರನ್ನು ತಡೆಯುವ ಗೇಟಾಯಿತು. ನಿಯಮ ಮಾಡಿದವರು ಬೂಟು ಹಾಕಿರಬೇಕು ಅಂದರು. ಅದು ಅವನ ಕಾಲಿನ ಅಳತೆಯದ್ದಾಗಿರಬೇಕು, ಅದನ್ನು ಅವನಿಗೆ ಯಾರಾದರೂ ಕೊಡಿಸಬೇಕು ಎಂದು ಯಾರೂ ಹೇಳಲಿಲ್ಲ.

*

ನಾನು ಹಿಂದಕ್ಕೆ ಹೋಗಿ 1986ರ ಆ ಪೆನಾಲ್ಟಿಯನ್ನು ಮತ್ತೆ ನೋಡಿದ್ದು ಇಷ್ಟೆಲ್ಲ ಓದಿದ ಮೇಲೆ. ಓಡಿ ಬಂದ. ಎಡಗಾಲು ಊರಿದ. ಶೂ ನೆಲದಲ್ಲಿ ನಿಂತಿತು. ಆದರೆ ಎರಡು ಸೈಜು ದೊಡ್ಡ ಶೂವಿನೊಳಗೆ ಅಣ್ಣನ ಪಾದ ಮುಂದಕ್ಕೆ ಜಾರಿತು, ಪೇಪರಿನ ಉಂಡೆಯವರೆಗೆ. ಅದಕ್ಕೇ ಅವನು ಹಿಂದಕ್ಕೆ ವಾಲಿದ್ದು. ಬಲಗಾಲಿನಲ್ಲೂ ಅದೇ ಕತೆ: ಚೆಂಡಿಗೆ ತಾಗಿದ್ದು ಶೂವಿನ ಪೊಳ್ಳು ತುದಿ, ಬಲವನ್ನು ನುಂಗಿದ್ದು ಆ ಪೊಳ್ಳು. ಹೆದರಿಕೆಗೂ ಇದಕ್ಕೂ ಸಂಬಂಧವೇ ಇಲ್ಲ. ಒಬ್ಬ ಹುಡುಗನ ಒಂದು ಸಂಜೆಗೆ ಹನ್ನೊಂದು ವರ್ಷದ ನಾನು ಕೊಟ್ಟ ವಿವರಣೆ ತಪ್ಪಾಗಿತ್ತು. ಮೇಷ್ಟ್ರಾಗಿ ಎಷ್ಟೋ ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ಕೆಂಪು ಗೀಟು ಎಳೆದಿದ್ದೇನೆ. ಈ ಉತ್ತರ ಮಾತ್ರ ಮೂವತ್ತು ವರ್ಷ ಹಾಗೇ ಉಳಿದಿತ್ತು.

ಹೋದ ವರ್ಷ ಊರಿಗೆ ಹೋದಾಗ ಅಣ್ಣ ಟೊಮೆಟೊ ತೋಟದಲ್ಲಿ ಗಿಡಗಳಿಗೆ ಕಡ್ಡಿ ನೆಡುತ್ತಿದ್ದ. ಬದುವಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ: ಲಂಡನ್ನಿನ ಎರಡು ಪೆನಾಲ್ಟಿ, ರಾಮನ್, ಅಹ್ಮದ್ ಖಾನ್, ಹೆಲ್ಸಿಂಕಿ, ಘರ್ಷಣೆ, ಶೂವಿನೊಳಗೆ ಜಾರಿದ ಪಾದ. ಕೊನೆಗೆ, “ಅವತ್ತು ಹೆದರಿದೆ ಅಂದಿದ್ದೆ ಅಣ್ಣಾ. ತಪ್ಪು” ಅಂದೆ.

ಅವನು ಕಡ್ಡಿಯನ್ನು ಅಲ್ಲಾಡಿಸಿ ಗಟ್ಟಿಯಾಗಿದೆಯಾ ನೋಡಿದ. “ನಂಗೆ ಅವತ್ತೇ ಗೊತ್ತಿತ್ತು” ಅಂದ. “ಊರಿದ ಕಾಲು ನಿಲ್ಲಲಿಲ್ಲ. ಹೇಳಿದ್ರೆ ಯಾರು ಕೇಳ್ತಿದ್ರು? ಕಾಲು ನಂದು, ಶೂ ಯಾರದೋ.”

ಸ್ವಲ್ಪ ಹೊತ್ತು ಬಿಟ್ಟು, “ಆ ಲಂಡನ್ನಲ್ಲಿ ತಪ್ಪಿಸಿದೋರು, ಅವರಿಬ್ಬರೂ ಆಮೇಲೆ ಆಡಿದ್ರಾ?” ಎಂದು ಕೇಳಿದ.

“ಶೈಲೇನ್ ಮನ್ನಾ ಆಡಿದರು. ಹೆಲ್ಸಿಂಕಿಗೆ ಹೋದ ತಂಡಕ್ಕೆ ಅವರೇ ಕ್ಯಾಪ್ಟನ್” ಅಂದೆ.

“ಒಳ್ಳೇದಾಯ್ತು” ಅಂದ ಅಣ್ಣ. ಇನ್ನೊಂದು ಕಡ್ಡಿ ಎತ್ತಿಕೊಂಡು, ಮಣ್ಣಿನಲ್ಲಿ ಎಡಗಾಲು ಭದ್ರವಾಗಿ ಊರಿ, ನೆಡತೊಡಗಿದ.